ಖರೇ ಹೇಳಿ ಮಾರುವುದು ಹೇಗೆ? ಅಂಗಡಿ ಮಾಲೀಕರಿಗೂ ಹುಡುಗರಿಗೂ ಒಂದು ಮಾರ್ಗದರ್ಶಿ

"ಬಣ್ಣ ಹೋಗ್ತೈತೇನ್ರಿ ಅಣ್ಣಾರ?" ಹುಬ್ಬಳ್ಳಿಯ ಜವಳಿ ಸಾಲಿನ ಯಾವ ಸೀರೆ ಅಂಗಡಿಗೆ ಹೋದರೂ ಈ ಪ್ರಶ್ನೆ ಕೇಳಿಸುತ್ತದೆ. "ಇಲ್ರೀ ಅಕ್ಕಾರ, ಗ್ಯಾರಂಟಿ" ಎನ್ನುವ ಉತ್ತರ ಅದಕ್ಕಿಂತ ಬೇಗ ಬರುತ್ತದೆ. ಉತ್ತರ ಕೊಟ್ಟ ಹುಡುಗ ಆ ಸೀರೆಯನ್ನು ನೀರಿಗೆ ಹಾಕಿ ನೋಡಿಲ್ಲ. ಮಾಲೀಕರೂ ನೋಡಿಲ್ಲ. ಮೋಸ ಮಾಡಬೇಕು ಅಂತ ಅವನ ಮನಸ್ಸಿನಲ್ಲಿ ಏನೂ ಇಲ್ಲ. ಎದುರಿಗೆ ಗಿರಾಕಿ ಕೂತಿದ್ದಾರೆ, ಏನಾದರೂ ಹೇಳಲೇಬೇಕು, ಬೇರೆ ಉತ್ತರ ಅವನ ಹತ್ತಿರ ಇಲ್ಲ.

ಅಂಗಡಿಯಲ್ಲಿ ಹುಟ್ಟುವ ಸುಳ್ಳುಗಳಲ್ಲಿ ಜಾಸ್ತಿ ಪಾಲು ಇಂಥವೇ ಅಂತ ನನಗೆ ಅನಿಸುತ್ತದೆ. ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ, ತಯಾರಿ ಇಲ್ಲದೆ ಹೇಳಿದ್ದು. ಹಾಗಾಗಿ ಹುಡುಗರನ್ನು ಕೂರಿಸಿ "ಸುಳ್ಳು ಹೇಳಬ್ಯಾಡ್ರೋ" ಎಂದು ಬುದ್ಧಿ ಹೇಳಿದರೆ ಆಗುವುದು ಅಷ್ಟಕ್ಕಷ್ಟೆ. ಶಟರ್ ಎತ್ತುವ ಮೊದಲೇ ಖರೇ ಉತ್ತರ ಕೈಯಲ್ಲಿರಬೇಕು. ಆ ತಯಾರಿ ಹೇಗೆ ಮಾಡುವುದು ಅಂತ ಇಲ್ಲಿ ಒಂದೊಂದಾಗಿ ನೋಡೋಣ. ಬೇಕಂತಲೇ ಮೋಸ ಮಾಡುವವರಿಗೆ ಇದರಲ್ಲಿ ಏನೂ ಇಲ್ಲ. ಅವರಿಗೆ ಬೇರೆ ಇಲಾಖೆಗಳಿವೆ.

ಹಂತ 1: ಗಿರಾಕಿಗಳ ಪ್ರಶ್ನೆ ಬರೆದಿಡಿ

ಒಂದು ವಾರ ಗಲ್ಲೆಯ ಪಕ್ಕ ಒಂದು ನೋಟ್‌ಬುಕ್ ಇಡಿ. ಗಿರಾಕಿ ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆಯಿರಿ. "ಇದು ಕೈಮಗ್ಗದ್ದೇನ?" "ಈ ವರ್ಷದ ಮಾಲೇನ್ರಿ?" "ಎಷ್ಟು ದಿನ ತಡೀತೈತಿ?" "ವಾಪಸ್ ತಗೋತೀರಿಲ್ಲೋ?" ವಾರ ಮುಗಿಯುವಷ್ಟರಲ್ಲಿ ಒಂದು ವಿಷಯ ಗೊತ್ತಾಗುತ್ತದೆ. ಪ್ರಶ್ನೆಗಳು ನೂರಾರು ಇಲ್ಲ. ಹತ್ತು ಹದಿನೈದೇ ತಿರುಗಿ ತಿರುಗಿ ಬರುತ್ತವೆ.

ಈಗ ಪ್ರತಿ ಪ್ರಶ್ನೆಯ ಮುಂದೆ ನಿಮಗೆ ಖಾತ್ರಿ ಇರುವ ಉತ್ತರ ಬರೆಯಿರಿ. ಖಾತ್ರಿ ಇಲ್ಲದಿದ್ದರೆ ಜಾಗ ಖಾಲಿ ಬಿಡಿ. ಆ ಖಾಲಿ ಜಾಗಗಳಲ್ಲೇ ನಿಮ್ಮ ಅಂಗಡಿಯ ಸುಳ್ಳುಗಳು ಹುಟ್ಟುತ್ತಿರುವುದು. ಮುಂದಿನ ಕೆಲಸ ಅವನ್ನು ತುಂಬುವುದು.

ಹಂತ 2: ಮಾಲನ್ನು ನೀವೇ ಪರೀಕ್ಷೆ ಮಾಡಿ

ಇದೇ ಎಲ್ಲಕ್ಕಿಂತ ದೊಡ್ಡ ಕೆಲಸ. ಹೋಲ್‌ಸೇಲ್‌ನವರು ಹೇಳಿದ್ದನ್ನೇ ನಾವು ಗಿರಾಕಿಗೆ ದಾಟಿಸುತ್ತೇವೆ. ಅವರು ಹೇಳಿದ್ದು ಸುಳ್ಳಾದರೂ ಗಿರಾಕಿ ನೆನಪಿಡುವುದು ನಿಮ್ಮ ಮುಖವನ್ನು.

ಬಟ್ಟೆಯಿಂದ ಶುರು ಮಾಡೋಣ. ಇಳಕಲ್ ಸೀರೆ ಬಾಗಲಕೋಟೆ ಜಿಲ್ಲೆಯದ್ದಾದರೂ ಹುಬ್ಬಳ್ಳಿ, ಗದಗದಲ್ಲಿ ಅದಿಲ್ಲದ ಸೀರೆ ಅಂಗಡಿ ಕಡಿಮೆ. ಅದರ ಮೈ ಹತ್ತಿಯದಿರಬಹುದು, ರೇಷ್ಮೆಯದಿರಬಹುದು, ಚಮಕಾ ಅಂದರೆ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಇರಬಹುದು. ಮೂರಕ್ಕೂ ಬೆಲೆ ಬೇರೆ, ಬಾಳಿಕೆ ಬೇರೆ. ಅಂಗಡಿಯಲ್ಲಿ ಮಾತ್ರ ಮೂರಕ್ಕೂ "ರೇಷ್ಮಿ ಐತ್ರಿ" ಅಂತ ಒಂದೇ ಮಾತು. ಅನುಮಾನ ಇದ್ದರೆ ಅಂಚಿನಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಮತ್ತು ರೇಯಾನ್ ಕಾಗದದ ಹಾಗೆ ಉರಿಯುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒಂದು ಲಾಟಿಗೆ ಒಂದು ಸೀರೆ ನೋಡಿದರೆ ಸಾಕು. ಮಾಡಿದ ದಿನವೇ ಚೀಟಿ ಬರೆದು ಆ ಕಟ್ಟಿಗೆ ಅಂಟಿಸಿ.

ಬಣ್ಣದ ಪ್ರಶ್ನೆಗೆ ಉತ್ತರ ಇನ್ನೂ ಸುಲಭ. ಬಿಳಿ ಅರಿವೆ ಒದ್ದೆ ಮಾಡಿ ಸೀರೆಯ ಒಳ ಅಂಚಿಗೆ ಗಟ್ಟಿಯಾಗಿ ಉಜ್ಜಿ. ಬಿಳಿ ಅರಿವೆ ಕೆಂಪಾದರೆ ಗಿರಾಕಿಯ ಮನೆಯ ಬಕೆಟ್‌ನಲ್ಲೂ ಅದೇ ಆಗುತ್ತದೆ. ಆಮೇಲೆ ಹೇಳಬೇಕಾದದ್ದು ಇಷ್ಟೇ: "ಮೊದಲ ಎರಡ ಮೂರ ಸಲ ಬಣ್ಣ ಬಿಡ್ತೈತ್ರಿ. ಬ್ಯಾರೆ ಒಗೀರಿ, ನೆರಳಿಗೆ ಹಾಕ್ರಿ." ಈ ಮಾತು ಕೇಳಿ ಸೀರೆ ಬಿಟ್ಟು ಎದ್ದು ಹೋಗುವವರು ತೀರಾ ಕಡಿಮೆ. ಬಣ್ಣ ಬಿಡುವ ಸೀರೆ ಅವರಿಗೇನು ಹೊಸದಲ್ಲ. ಗೊತ್ತಿಲ್ಲದೆ ಬಿಳಿ ಅಂಗಿ ಜೊತೆ ನೆನೆಸಿ ಅಂಗಿ ಹಾಳಾದಾಗ ಮಾತ್ರ ಸಿಟ್ಟು ಬರುತ್ತದೆ.

ಕಸೂತಿಯಲ್ಲಿ ಕೈಯದ್ದು ಯಾವುದು, ಮಷೀನಿನದ್ದು ಯಾವುದು ಅನ್ನುವುದಕ್ಕೆ ಬಟ್ಟೆ ತಿರುಗಿಸಿ ನೋಡಿ. ಕೈಯಲ್ಲಿ ಹಾಕಿದ ಗವಂತಿ ಮತ್ತು ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುತ್ತವೆ, ಗಂಟು ಇರುವುದಿಲ್ಲ. ಮಷೀನಿನದಾದರೆ ಹಿಂದೆ ಬಾಬಿನ್ ದಾರ ಬೇರೆಯಾಗಿ ಕಾಣುತ್ತದೆ. ನೇಗಿ ಮತ್ತು ಮೆಂತ್ಯೆ ಹೊಲಿಗೆಗೆ ಈ ಪರೀಕ್ಷೆ ನಡೆಯುವುದಿಲ್ಲ, ಅವು ಕೈಯಲ್ಲಿ ಹಾಕಿದರೂ ಎರಡೂ ಕಡೆ ಒಂದೇ ಥರ ಇರುವುದಿಲ್ಲ. ಮಷೀನ್ ಕಸೂತಿ ಮಾರುವುದು ತಪ್ಪಲ್ಲ. ಕಡಿಮೆ ರೊಕ್ಕಕ್ಕೆ ಕಸೂತಿ ಉಡಬೇಕು ಅನ್ನುವವರಿಗೆ ಅದೇ ಸರಿ. ಅದನ್ನು ಕೈಯದ್ದು ಅಂತ ಹೇಳಿ ಧಾರವಾಡದ ಕಡೆ ತಿಂಗಳುಗಟ್ಟಲೆ ಕೂತು ಹೊಲಿಯುವ ಹೆಣ್ಣುಮಕ್ಕಳ ದರ ಹಚ್ಚುವುದು ತಪ್ಪು.

ಇನ್ನು ಮೆಣಸಿನಕಾಯಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಅದರ ಗುಣ ಬಣ್ಣ, ಖಾರ ಕಡಿಮೆ. ಅದರಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಥರ. ಕಡ್ಡಿ ಉದ್ದ, ತೆಳು, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದುಂಡು. ಕಿರಾಣಿ ಅಂಗಡಿಗೆ ಬಂದವರು "ಖಾರ ಐತೇನ್ರಿ?" ಎಂದು ಕೇಳಿದರೆ "ಭಾಳ ಖಾರ ಐತ್ರಿ" ಎಂದು ಮಾರುವುದು ದಡ್ಡತನ. ಮನೆಗೆ ಹೋಗಿ ಸಾರು ಮಾಡಿದ ಕೂಡಲೇ ಸುಳ್ಳು ಗೊತ್ತಾಗುತ್ತದೆ. "ಇದು ಬಣ್ಣಕ್ಕ ರೀ. ಖಾರ ಬೇಕಂದ್ರ ಇದರಾಗ ಸ್ವಲ್ಪ ಗುಂಟೂರು ಹಾಕ್ರಿ" ಎಂದರೆ ಎರಡು ಮಾಲು ಮಾರಿದ ಹಾಗಾಯಿತು.

"ಈ ವರ್ಷದ್ದೇನ್ರಿ?" ಅನ್ನುವುದು ಕಷ್ಟದ ಪ್ರಶ್ನೆ. ಬ್ಯಾಡಗಿ ಸುತ್ತಮುತ್ತ ಕೋಲ್ಡ್ ಸ್ಟೋರೇಜ್‌ಗಳಿವೆ, ಹೋದ ವರ್ಷದ ಮಾಲು ಅಲ್ಲಿಂದ ಬರುತ್ತದೆ. ಹಳೆಯದು ಅಂದರೆ ಕೆಟ್ಟದ್ದಲ್ಲ, ಆದರೆ ಬಣ್ಣ ಸ್ವಲ್ಪ ಇಳಿದಿರುತ್ತದೆ. ಎರಡು ಚೀಲ ಬೇರೆ ಬೇರೆ ಇಡಿ, ಎರಡು ದರ ಬರೆಯಿರಿ. ಹಳೆಯದನ್ನು ಹೊಸದರಲ್ಲಿ ಕಲಸಬೇಡಿ. ಖಾರದ ಪುಡಿ ಮಾಡಿ ಮಾರುವವರು ಪಾಕೀಟಿನ ಮೇಲೆ ಬ್ಯಾಡಗಿ ಎಷ್ಟು, ಬೇರೆ ಕಾಯಿ ಎಷ್ಟು ಅಂತ ಬರೆದರೆ ದಿನಾ ಬರುವ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

ಬೀಜದ ಅಂಗಡಿಯವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಾವೇರಿ ಜಿಲ್ಲೆಯಲ್ಲಿ, ಅದರಲ್ಲೂ ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ ದೊಡ್ಡದು. ಸೀರೆ ಕೆಟ್ಟರೆ ಒಂದು ಸೀರೆ ಹೋಯಿತು. ಬೀಜ ಕೆಟ್ಟರೆ ರೈತನ ಒಂದು ಹಂಗಾಮೇ ಹೋಯಿತು. ಆದ್ದರಿಂದ "ಎಕರೆಗೆ ಇಷ್ಟು ಕ್ವಿಂಟಲ್ ಗ್ಯಾರಂಟಿ" ಅನ್ನುವ ಮಾತು ನಿಮ್ಮ ಬಾಯಿಂದ ಬರಲೇಬಾರದು. ಮಳೆ ನಿಮ್ಮ ಕೈಯಲ್ಲಿಲ್ಲ, ಹೊಲವೂ ನಿಮ್ಮ ಕೈಯಲ್ಲಿಲ್ಲ. ನೀವು ಹೇಳಬಹುದಾದದ್ದು ಚೀಟಿಯಲ್ಲಿರುವುದನ್ನು ಮಾತ್ರ: ತಳಿ, ಲಾಟ್ ನಂಬರ್, ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ತಾರೀಕು, ಅವಧಿ ಎಲ್ಲಿಯವರೆಗೆ. ನೀಲಿ ಚೀಟಿ ಇದ್ದರೆ ಅದು ಪ್ರಮಾಣಿತ ಬೀಜ. ಕಂಪನಿಯೇ ತನ್ನ ಜವಾಬ್ದಾರಿಯ ಮೇಲೆ ಚೀಟಿ ಹಾಕಿದ್ದು ಬೇರೆ. ಎರಡರ ವ್ಯತ್ಯಾಸ ರೈತನಿಗೆ ಹೇಳಿ. ಮುಂಗಾರಿಗೆ ಮೊದಲು ನೂರು ಕಾಳು ಎಣಿಸಿ ಒದ್ದೆ ಗೋಣಿ ತಟ್ಟಿನಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ನೋಡಿ. ಬಿಲ್ಲಿನಲ್ಲಿ ಲಾಟ್ ನಂಬರ್ ಬರೆಯದೆ ಯಾವ ಪಾಕೀಟನ್ನೂ ಕೊಡಬೇಡಿ. ನಾಳೆ ತಕರಾರು ಬಂದರೆ ರೈತನಿಗೂ ನಿಮಗೂ ಅದೊಂದೇ ಆಧಾರ.

ಬಂಗಾರದ ಅಂಗಡಿಯವರ ಕೆಲಸ ಈಗ ಅರ್ಧ ಸುಲಭವಾಗಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮಾರಬೇಕಾದರೆ ಅದರ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯದ್ದೇ ಗುರುತಿನ ನಂಬರ್ ಇರಬೇಕು. ಗಿರಾಕಿ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಬಹುದು. ಕೇಳುವ ಮೊದಲು ನೀವೇ ತೋರಿಸಿ. ವೇಸ್ಟೇಜ್, ಮಜೂರಿ ಮಾತ್ರ ಆ್ಯಪ್‌ನಲ್ಲಿ ಇರುವುದಿಲ್ಲ. ಅದನ್ನು ಚೀಟಿಯ ಮೇಲೆ ಬೇರೆ ಬೇರೆಯಾಗಿ ಬರೆದು ಕೊಡುವುದು ನಿಮಗೇ ಬಿಟ್ಟದ್ದು.

ಹಂತ 3: ಐಬು ಮೊದಲು, ದರ ಆಮೇಲೆ

ಮಾಲಿನಲ್ಲಿ ಐಬು ಇದ್ದರೆ ಗಿರಾಕಿ ದರ ಕೇಳುವ ಮೊದಲೇ ಹೇಳಿ. ದರ ಹೇಳಿದ ಮೇಲೆ ಹೇಳಿದರೆ ಅದು ಚೌಕಾಶಿಗೆ ದಾರಿ ಮಾಡಿಕೊಟ್ಟ ಹಾಗೆ. ರೊಕ್ಕ ತಗೊಂಡ ಮೇಲೆ ಹೇಳಿದರೆ ಜಗಳ. ಮೊದಲೇ ಹೇಳಿದರೆ ಮಾತ್ರ ಅದು ಮಾಹಿತಿ.

ಹೇಳುವ ರೀತಿಯೂ ಮುಖ್ಯ. "ಸ್ವಲ್ಪ ಡ್ಯಾಮೇಜ್ ಐತಿ" ಅಂದರೆ ಏನೂ ಹೇಳಿದಂತಾಗಲಿಲ್ಲ. ಸೀರೆ ಬಿಚ್ಚಿ ಬೆರಳಿಟ್ಟು ತೋರಿಸಿ: "ಇಲ್ಲಿ ನೋಡ್ರಿ, ಎರಡು ಎಳಿ ಕಿತ್ತಾವ. ನೆರಿಗಿ ಒಳಗ ಹೋಗ್ತಾವ, ಕಾಣಂಗಿಲ್ಲ." ಹಳೆ ಬೈಕ್ ಮಾರುವವರು, ಮೊಬೈಲ್ ರಿಪೇರಿಯವರು ಇದನ್ನು ಇನ್ನೂ ಜಾಸ್ತಿ ಪಾಲಿಸಬೇಕು. ಡಿಸ್‌ಪ್ಲೇ ಹಾಕುವಾಗ ಅದು ಕಂಪನಿಯದ್ದೋ ಬೇರೆಯದ್ದೋ ಅಂತ ಬಿಲ್ಲಿನಲ್ಲೇ ಬರೆದುಬಿಡಿ.

ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿ ಮಾರುವವರು ಬಾಗಿಲ ಹತ್ತಿರ ಹಗಲ ಬೆಳಕಿನಲ್ಲಿ ತೆಗೆಯಿರಿ. ಟ್ಯೂಬ್‌ಲೈಟ್ ಕೆಳಗೆ ಗಿಳಿ ಹಸಿರು ಒಂದು ಥರ, ಬಿಸಿಲಿಗೆ ಒಯ್ದರೆ ಇನ್ನೊಂದು ಥರ. ಫಿಲ್ಟರ್ ಬೇಡ. ಐಬು ಇದ್ದ ಜಾಗದ ಫೋಟೋ ಒಂದು ಬೇರೆ ಕಳಿಸಿ.

ಹಂತ 4: ದರದ ಮಾತು

ನಮ್ಮ ಕಡೆ ಚೌಕಾಶಿ ಇಲ್ಲದೆ ವ್ಯಾಪಾರ ಇಲ್ಲ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಹೇಳಿದ ದರಕ್ಕೇ ತಗೊಂಡರೆ ಮನೆಯಲ್ಲಿ ಬೈಸಿಕೊಳ್ಳಬೇಕು. ಹಾಗಾಗಿ ಚೌಕಾಶಿಯೇ ಮೋಸ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇಬ್ಬರಿಗೂ ಗೊತ್ತಿರುವ ಆಟ ಅದು. ಆಟದ ಒಳಗೆ ಸೇರಿಕೊಂಡ ನಾಲ್ಕು ಸುಳ್ಳುಗಳನ್ನು ಬಿಟ್ಟರೆ ಸಾಕು.

ಒಂದು, "ಅಸಲಿಗೇ ಕೊಡಾಕತ್ತೇನ್ರಿ, ನನಗೇನೂ ಉಳಿಯಂಗಿಲ್ಲ." ಇದನ್ನು ಯಾರೂ ನಂಬುವುದಿಲ್ಲ. ಅಸಲಿಗೆ ಮಾರಲು ಯಾರೂ ಬಾಡಿಗೆ ಕಟ್ಟಿ ಅಂಗಡಿ ಇಡುವುದಿಲ್ಲ ಅಂತ ಗಿರಾಕಿಗೆ ಗೊತ್ತು. ನಿಮ್ಮ ಅಸಲು ಎಷ್ಟು ಅಂತ ಹೇಳಬೇಕಾದ ಹಂಗು ನಿಮಗಿಲ್ಲ. ಹೇಳದೆ ಇರುವುದು ಸುಳ್ಳಲ್ಲ. "ಇದಕ್ಕಿಂತ ಕೆಳಗ ಆಗಂಗಿಲ್ರಿ" ಅಂದರೆ ಸಾಕು, ಅದು ಖರೇ ಆಗಿದ್ದರೆ.

ಎರಡು, ಬೋಣಿಗೆ. "ಬೋಣಿಗಿ ಟೈಮ್ ರೀ, ಇಲ್ಲ ಅನಬ್ಯಾಡ್ರಿ" ಅನ್ನುವ ಮಾತಿಗೆ ನಮ್ಮ ಜನ ಕರಗುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಹೇಳಿದರೆ ಸರಿ. ಸಂಜೆ ನಾಲ್ಕಕ್ಕೂ ಬೋಣಿಗೆಯೇ ಆಗಿಲ್ಲ ಅಂದರೆ ಆ ಅಂಗಡಿಯ ಬಗ್ಗೆ ಚಿಂತೆ ಮಾಡಬೇಕಾಗುತ್ತದೆ, ಅಲ್ವಾ?

ಮೂರು, "ಲಾಸ್ಟ್ ಪೀಸ್." ಒಳಗೆ ಇನ್ನೂ ಎಂಟು ಇರುವಾಗ ಹೇಳಬೇಡಿ. ಗಿರಾಕಿಯ ನಾದಿನಿ ಮರುದಿನ ಬಂದು ಅದೇ ಸೀರೆ ಒಯ್ದರೆ ಆ ಮನೆಯಲ್ಲಿ ನಿಮ್ಮ ಹೆಸರು ಪಂಚಮಿ ಹಬ್ಬದವರೆಗೂ ಓಡಾಡುತ್ತದೆ.

ನಾಲ್ಕನೆಯದು ದರ ಏರಿಸಿ ಡಿಸ್ಕೌಂಟ್ ಬರೆಯುವುದು. ಪಾಕೀಟಿನ ಮೇಲಿನ ಎಂಆರ್‌ಪಿ ಮೇಲೆ ಜಾಸ್ತಿ ದರದ ಸ್ಟಿಕರ್ ಅಂಟಿಸುವುದು ಕಾನೂನಿಗೇ ವಿರುದ್ಧ. ಎಂಆರ್‌ಪಿಯಲ್ಲಿ ಎಲ್ಲಾ ತೆರಿಗೆ ಸೇರಿರುತ್ತದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವುದು, ತಂಪು ಬಾಟಲಿಗೆ ಕೂಲಿಂಗ್ ಚಾರ್ಜ್ ಅಂತ ಎರಡು ರೂಪಾಯಿ ಜಾಸ್ತಿ ಇಸಿದುಕೊಳ್ಳುವುದು ಎರಡೂ ನಡೆಯುವುದಿಲ್ಲ.

ಮದುವೆ ಬಸ್ತಾಕ್ಕೆ, ಅಂದರೆ ಮದುವೆಯ ಜವಳಿ ಖರೀದಿಗೆ ಬಂದವರ ಜೊತೆ ಇನ್ನೊಂದು ಜಾಗ್ರತೆ ಬೇಕು. ಹಿರಿಯರು, ಬೀಗರು, ಹುಡುಗಿ ಎಲ್ಲರೂ ಕೂತಿರುತ್ತಾರೆ. ಬೀಗರ ಎದುರು ಕಡಿಮೆ ದರದ್ದು ತೋರಿಸಿ ಅನ್ನಲು ಹುಡುಗಿ ತಂದೆಗೆ ನಾಚಿಕೆ. ಆ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡು ದುಬಾರಿ ಸೀರೆಗಳನ್ನೇ ಹಾಸುವ ಅಂಗಡಿಗಳಿವೆ. ಮೊದಲೇ ಆ ಹಿರಿಯರನ್ನು ಒಂದು ಕಡೆ ಕರೆದು "ಕಾಕಾರ, ಎಷ್ಟರೊಳಗ ತೋರಿಸ್ಲಿ?" ಎಂದು ಕೇಳಿ. ಅದರೊಳಗೇ ತೋರಿಸಿ. ಇಲ್ಲಿ ಒಂದು ಸುಳ್ಳೂ ಹೇಳದೆಯೇ ಮೋಸ ಆಗಿಬಿಡಬಹುದು, ಅದಕ್ಕೇ ಇದನ್ನು ಸೇರಿಸಿದೆ.

ಹಂತ 5: ತೂಕ, ತಾರೀಕು, ಬಿಲ್ಲು

ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಕೈ ತಕ್ಕಡಿ, ತೂಕದ ಕಲ್ಲುಗಳಿಗೆ ಎರಡು ವರ್ಷಕ್ಕೊಮ್ಮೆ. ಪ್ರಮಾಣಪತ್ರ ಗಿರಾಕಿಗೆ ಕಾಣುವ ಹಾಗೆ ತೂಗುಹಾಕಿ. ತಕ್ಕಡಿಯ ಅಂಕಿಯೂ ಅವರ ಕಡೆ ಮುಖ ಮಾಡಿರಲಿ.

ಪೇಢೆ, ಸಿಹಿ ತೂಗುವಾಗ ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ, ಆಮೇಲೆ ತುಂಬಿ. ರಟ್ಟಿನ ಡಬ್ಬಿಯನ್ನು ಪೇಢೆ ದರಕ್ಕೆ ಮಾರುವುದು ಎಷ್ಟೋ ವರ್ಷದಿಂದ ನಡೆದು ಬಂದ ಪದ್ಧತಿ ಅನ್ನುತ್ತಾರೆ. ಇರಬಹುದು, ನಿಲ್ಲಿಸಿ. ಬಿಡಿ ಸಿಹಿಯ ಟ್ರೇ ಮುಂದೆ ಎಷ್ಟು ದಿನದೊಳಗೆ ತಿನ್ನಬೇಕು ಅನ್ನುವ ತಾರೀಕು ಹಾಕಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಇದೆ. ಬೆಂಗಳೂರಿಗೆ ಒಯ್ಯುತ್ತೇನೆ, ಅಲ್ಲಿಂದ ಮಗಳ ಊರಿಗೆ ಕಳಿಸುತ್ತೇನೆ ಅಂತ ಹೇಳುವ ಗಿರಾಕಿಗೆ ಆ ತಾರೀಕನ್ನು ಬಾಯಲ್ಲೂ ಹೇಳಿ.

ಬಿಲ್ಲು ಕೊಡಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಎಂದೇ ಕರೆಯುತ್ತದೆ. "ಬಿಲ್ ಬೇಕಂದ್ರ ಟ್ಯಾಕ್ಸ್ ಬೀಳ್ತೈತಿ" ಎಂದು ಹೆದರಿಸುವುದು ಬೇಡ. ಜಿಎಸ್‌ಟಿಯ ಕಾಂಪೋಸಿಷನ್ ಸ್ಕೀಮಿನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಪದ್ಧತಿ) ಇರುವವರಂತೂ ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗೇ ಇಲ್ಲ.

ಹಂತ 6: "ನಮ್ಮಲ್ಲಿ ಇಲ್ಲ" ಅನ್ನಲು ಕಲಿಯಿರಿ

ಗಿರಾಕಿ ಕೇಳಿದ್ದು ನಿಮ್ಮಲ್ಲಿ ಇಲ್ಲದಿದ್ದರೆ "ಅದಕಿಂತ ಇದು ಚಲೋ" ಎಂದು ಬೇರೆಯದನ್ನು ಹಚ್ಚುವ ಚಾಳಿ ಎಲ್ಲರಿಗೂ ಇದೆ. ಚಲೋ ಇದ್ದರೆ ಯಾಕೆ ಚಲೋ ಅಂತ ಒಂದು ಕಾರಣ ಕೊಡಿ. ಕಾರಣ ಇಲ್ಲದಿದ್ದರೆ ಎಲ್ಲಿ ಸಿಗುತ್ತದೆ ಅಂತ ಹೇಳಿ ಕಳಿಸಿ. ಗೊತ್ತಿಲ್ಲದ ಪ್ರಶ್ನೆಗೆ "ಕೇಳಿ ಹೇಳ್ತೇನ್ರಿ" ಅನ್ನಿ. ಕೇಳಿ, ಹೇಳಿ. ಬರೀ ಮೊದಲ ಅರ್ಧ ಮಾಡಿದರೆ ಅದೂ ಸುಳ್ಳೇ.

ಹಂತ 7: "ನಾಳೆ ಬರ್ರಿ"

ಟೇಲರ್, ಫರ್ನಿಚರ್, ಮಿಕ್ಸರ್ ರಿಪೇರಿ, ಪ್ರಿಂಟಿಂಗ್ ಪ್ರೆಸ್. ಇವರೆಲ್ಲರ ರೋಗ ಒಂದೇ. ಗುರುವಾರ ಆಗುತ್ತದೆ ಅಂತ ಗೊತ್ತಿದ್ದರೂ ಗಿರಾಕಿ ಬೇರೆ ಕಡೆ ಹೋದಾರು ಅಂತ ಸೋಮವಾರ ಅನ್ನುತ್ತಾರೆ. ಹಳ್ಳಿಯಿಂದ ಬಸ್ಸು ಹತ್ತಿ ಬಂದವರು ಅರ್ಧ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಕುಂದಗೋಳದಿಂದಲೋ ಮುಂಡರಗಿಯಿಂದಲೋ ಬಂದು ಬರಿಗೈಲಿ ಹೋಗುವವರ ಲೆಕ್ಕವನ್ನು ನೀವು ಇಡುವುದಿಲ್ಲ, ಅವರು ಇಟ್ಟಿರುತ್ತಾರೆ.

ಕೈಯಲ್ಲಿರುವ ಕೆಲಸ ಎಣಿಸಿ, ಎರಡು ದಿನ ಕೂಡಿಸಿ, ಆ ತಾರೀಕು ಚೀಟಿಯಲ್ಲಿ ಬರೆಯಿರಿ. ತಡವಾಗುವುದು ಗೊತ್ತಾದ ಕೂಡಲೇ, ಅವರು ಮನೆ ಬಿಡುವ ಮೊದಲೇ ಫೋನ್ ಮಾಡಿ. ಲಗ್ನದ ಕೆಲಸ ಆಗುವುದಿಲ್ಲ ಅಂತ ಅನಿಸಿದರೆ ಹಿಡಿಯಬೇಡಿ.

ಹಂತ 8: ವಾಪಸ್ ಬಂದ ಮಾಲು

"ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ" ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದರೆ ಕೆಲಸ ಮುಗಿಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಮಾಲಿನಲ್ಲಿ ದೋಷ ಇದ್ದರೆ ಅದು ನಡೆಯುವುದಿಲ್ಲ. ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ದೋಷ ಇರುವ ಮಾಲನ್ನು ವಾಪಸ್ ಪಡೆಯಲು ನಿರಾಕರಿಸುವುದನ್ನೂ ಕಾಯ್ದೆ ಅನುಚಿತ ವ್ಯಾಪಾರದಲ್ಲೇ ಸೇರಿಸಿದೆ. ಗಿರಾಕಿ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಧಾರವಾಡ, ಗದಗ, ಹಾವೇರಿ ಮೂರರಲ್ಲೂ ಆಯೋಗ ಇದೆ. ಐದು ಲಕ್ಷದವರೆಗಿನ ಮಾಲಿಗೆ ಶುಲ್ಕವೂ ಇಲ್ಲ.

ಮನಸ್ಸು ಬದಲಾಯಿತು, ಅತ್ತೆಗೆ ಬಣ್ಣ ಹಿಡಿಸಲಿಲ್ಲ ಅಂತ ತರುವುದು ಬೇರೆ ವಿಷಯ. ಅದಕ್ಕೆ ನಿಮ್ಮದೇ ನಿಯಮ ಇರಲಿ. ಆದರೆ ಅದನ್ನು ರೊಕ್ಕ ಇಸಿದುಕೊಳ್ಳುವ ಮೊದಲು ಬಾಯಿಂದ ಹೇಳಿ. ಬಿಲ್ಲಿನ ಹಿಂದಿನ ಸಣ್ಣ ಅಕ್ಷರವನ್ನು ಯಾರು ಓದುತ್ತಾರೆ?

ಹಂತ 9: ಮಾಲೀಕರಿಗೆ ಮಾತ್ರ

ಹಳೆ ಮಾಲು ಖಾಲಿ ಮಾಡಲು ಹುಡುಗರಿಗೆ ಪೀಸಿಗೆ ಇಷ್ಟು ಅಂತ ಇನ್ಸೆಂಟಿವ್ ಇಡುತ್ತೀರಿ. ಆ ಕ್ಷಣದಿಂದ ಹುಡುಗನ ಬಾಯಲ್ಲಿ ಆ ಹಳೆ ಮಾಲೇ "ಹೊಸ ಡಿಸೈನ್" ಆಗುತ್ತದೆ. ಸುಳ್ಳು ಹೇಳಿದ್ದು ಅವನು, ಹೇಳಿಸಿದ್ದು ನೀವು. ಇನ್ಸೆಂಟಿವ್ ಇಡಲೇಬೇಕು ಅಂದರೆ ತಿಂಗಳ ಕೊನೆಗೆ, ಸುಳ್ಳು ಹೇಳಿ ಮಾರಿದ್ದಕ್ಕೆ ವಾಪಸ್ ಬಂದ ಮಾಲನ್ನು ಕಳೆದು ಕೊಡಿ. ಹಳೆ ಮಾಲಿಗೆ ದರ ಇಳಿಸಿ "ಹೋದ ವರ್ಷದ್ದು" ಎಂದು ಬೋರ್ಡ್ ಹಾಕಿದರೆ ಇನ್ಸೆಂಟಿವ್ ಇಲ್ಲದೆಯೂ ಅದು ಹೋಗುತ್ತದೆ.

ಖರೇ ಹೇಳಿದ್ದಕ್ಕೆ ಗಿರಾಕಿ ಎದ್ದು ಹೋದಾಗ ಹುಡುಗನ ಮುಖ ನಿಮ್ಮ ಕಡೆ ತಿರುಗುತ್ತದೆ. ಆಗ ನೀವು ಬೈದರೆ ಈ ನೋಟ್‌ಬುಕ್, ಚೀಟಿ, ಪರೀಕ್ಷೆ ಎಲ್ಲಾ ಅವತ್ತಿಗೇ ಮುಗಿಯಿತು. "ಇರಲಿ ಬಿಡಪಾ, ಮುಂದಿನವರಿಗೆ ತೋರ್ಸು" ಅನ್ನಿ.

ಇನ್ನು ಗಿರಾಕಿ ಹೋದ ಮೇಲೆ ಜಾಸ್ತಿ ರೊಕ್ಕ ಇಸಿದುಕೊಂಡದ್ದೋ, ಬೇರೆ ಮಾಲು ಕಟ್ಟಿ ಕೊಟ್ಟದ್ದೋ ಗೊತ್ತಾದರೆ ಸಂಜೆಯೊಳಗೆ ಫೋನ್ ಮಾಡಿ. ನಂಬರ್ ಇಲ್ಲದಿದ್ದರೆ ಆ ರೊಕ್ಕವನ್ನು ಕವರಿನಲ್ಲಿ ಹಾಕಿ, ತಾರೀಕು ಮತ್ತು ಏನು ಒಯ್ದರು ಅಂತ ಬರೆದು ಗಲ್ಲೆಯ ಬೇರೆ ಖಾನೆಯಲ್ಲಿಡಿ. ಉದ್ರಿ ಖಾತೆಯವರದ್ದಾದರೆ ಅವರ ಹಾಳೆಯಲ್ಲಿ ಅವತ್ತೇ ಜಮಾ ಬರೆಯಿರಿ, ಅವರು ಬಂದಾಗ ಆ ಸಾಲನ್ನು ತೋರಿಸಿ.